ದೂರದ ನಕ್ಷತ್ರದ ಗ್ರಹವನ್ನು ತೂಗುವುದು ಹೇಗೆ? ಮನೆಯಲ್ಲೇ ಕೂತು ಮಾಡಬಹುದಾದ ಲೆಕ್ಕ

ಮಂಡ್ಯದಲ್ಲಿ ನಾವು ಕೆಲವರು ಸೇರಿ ಆಕಾಶ ನೋಡುವ ಸಂಜೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ ಒಂದಿದೆ. ‘ಕಣ್ಣಿಗೇ ಕಾಣದ ಗ್ರಹದ ತೂಕ ಇವರಿಗೆ ಹೇಗೆ ಗೊತ್ತಾಗುತ್ತದೆ?’ ಮದ್ದೂರಿನ ಪಿಯುಸಿ ವಿದ್ಯಾರ್ಥಿನಿಯೂ ಇದನ್ನೇ ಕೇಳುತ್ತಾಳೆ, ಮೈಸೂರಿನ ನಿವೃತ್ತ ಎಂಜಿನಿಯರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧವೇ ದಾಟುತ್ತದೆ. ಆದ್ದರಿಂದ ನೀವೇ ಕೈಯಾರೆ ಮಾಡಿ ನೋಡುವಂತೆ ಇಲ್ಲಿ ಬರೆದಿದ್ದೇನೆ. ಹತ್ತನೆಯ ತರಗತಿಯ ಗಣಿತ ಬಂದರೆ ಸಾಕು.

ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಮೇಲೆ ಕಬ್ಬು ತೂಗುವುದನ್ನು ಈ ಕಡೆಯವರೆಲ್ಲ ನೋಡಿದ್ದೀರಿ. ತುಂಬಿದ ಲಾರಿ ಒಮ್ಮೆ ಹತ್ತುತ್ತದೆ, ಇಳಿಸಿದ ಮೇಲೆ ಖಾಲಿ ಲಾರಿ ಇನ್ನೊಮ್ಮೆ ಹತ್ತುತ್ತದೆ. ಕಬ್ಬನ್ನು ಮಾತ್ರ ಯಾರೂ ತಕ್ಕಡಿಗೆ ಹಾಕುವುದಿಲ್ಲ. ಖಾಲಿ ಲಾರಿಯ ತೂಕ ತಪ್ಪಾದರೆ ಕಬ್ಬಿನ ತೂಕವೂ ತಪ್ಪುತ್ತದೆ. ಗ್ರಹದ ವಿಷಯವೂ ಹೀಗೆಯೇ. ನಾವು ಅಳೆಯುವುದು ನಕ್ಷತ್ರವನ್ನು. ಗ್ರಹದ ಲೆಕ್ಕ ಅದರಿಂದ ಹೊರಡುತ್ತದೆ, ನಕ್ಷತ್ರದ ಲೆಕ್ಕ ಎಷ್ಟು ಗಟ್ಟಿಯೋ ಗ್ರಹದ್ದೂ ಅಷ್ಟೇ ಗಟ್ಟಿ. ಕೊನೆಯವರೆಗೂ ಇದನ್ನು ನೆನಪಿನಲ್ಲಿಡಿ.

ಮೊದಲು ತತ್ತ್ವ

ಮಗುವಿನ ಎರಡೂ ಕೈ ಹಿಡಿದು ಗಿರ್ರನೆ ತಿರುಗಿಸುವ ಅಪ್ಪನನ್ನು ಗಮನಿಸಿ. ಅವನು ನೆಟ್ಟಗೆ ನಿಂತಿರಲಾರ. ಹಿಂದಕ್ಕೆ ವಾಲಿ ತಾನೂ ಚಿಕ್ಕದೊಂದು ಸುತ್ತು ಹಾಕುತ್ತಿರುತ್ತಾನೆ. ಕತ್ತಲಲ್ಲಿ ಮಗು ಕಾಣದಿದ್ದರೂ ಅಪ್ಪ ಎಷ್ಟು ವಾಲುತ್ತಾನೆ, ಎಷ್ಟು ಹೊತ್ತಿಗೊಮ್ಮೆ ಸುತ್ತುತ್ತಾನೆ ಎಂಬುದನ್ನು ನೋಡಿ ಮಗು ಎಷ್ಟು ಭಾರ ಎಂದು ಊಹಿಸಬಹುದು. ಗ್ರಹ ಮತ್ತು ನಕ್ಷತ್ರ ಎರಡೂ ತಮ್ಮ ನಡುವಿನ ಒಂದು ಬಿಂದುವನ್ನು ಸುತ್ತುತ್ತವೆ. ನಕ್ಷತ್ರ ಭಾರವಾದ್ದರಿಂದ ಅದರ ಸುತ್ತು ಚಿಕ್ಕದು. ಆ ಚಿಕ್ಕ ಸುತ್ತಿನಲ್ಲಿ ಅದು ಒಮ್ಮೆ ನಮ್ಮ ಕಡೆಗೆ ಬರುತ್ತದೆ, ಒಮ್ಮೆ ನಮ್ಮಿಂದ ದೂರ ಸರಿಯುತ್ತದೆ. ಹೀಗೆ ನಮ್ಮತ್ತ ಬರುವ ಅಥವಾ ದೂರ ಹೋಗುವ ವೇಗಕ್ಕೆ ದೃಷ್ಟಿರೇಖಾ ವೇಗ ಎನ್ನೋಣ.

ಅದನ್ನು ಅಳೆಯುವುದು ಡಾಪ್ಲರ್ ಪರಿಣಾಮದಿಂದ. ಮಂಡ್ಯ ರೈಲು ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲು ಹಾರ್ನ್ ಹಾಕುತ್ತ ಬಂದಾಗ ಸದ್ದು ಏರಿರುತ್ತದೆ, ನಿಮ್ಮನ್ನು ದಾಟಿದ ಕ್ಷಣ ಇಳಿಯುತ್ತದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 28 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ ಬರುವಾಗಲೇ ನೂರಕ್ಕೆ ಸುಮಾರು ಒಂಬತ್ತರಷ್ಟು ಏರಿಕೆ, ಅಂದರೆ ಸಂಗೀತದ ಒಂದು ಸ್ವರಸ್ಥಾನಕ್ಕೂ ಮಿಗಿಲು. ಬೆಳಕಿನಲ್ಲೂ ಇದೇ ನಡೆಯುತ್ತದೆ, ಆದರೆ ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ನಾವು ಇಲ್ಲಿ ಲೆಕ್ಕ ಹಾಕಲಿರುವ ನಕ್ಷತ್ರ ಸೆಕೆಂಡಿಗೆ 56 ಮೀಟರ್ ವೇಗದಲ್ಲಿ ತೊನೆಯುತ್ತದೆ. ಅದರ ಬೆಳಕಿನ ಬಣ್ಣದಲ್ಲಿ ಆಗುವ ಬದಲಾವಣೆ 53 ಲಕ್ಷದಲ್ಲಿ ಒಂದು ಪಾಲು. ಇಷ್ಟನ್ನು ಕಣ್ಣು ಹಿಡಿಯಲಾರದು, ಸ್ಪೆಕ್ಟ್ರೋಗ್ರಾಫ್ ಹಿಡಿಯುತ್ತದೆ. ಅದು ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಹರಡುವ ಉಪಕರಣ. ಹರಡಿದ ಬೆಳಕಿನಲ್ಲಿ ಸಾವಿರಾರು ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ನಕ್ಷತ್ರದಲ್ಲಿರುವ ಯಾವುದೋ ಧಾತುವಿನ ಗುರುತು. ಗೆರೆಗಳು ಎಷ್ಟು ಸರಿದಿವೆ ಎಂದು ತಿಳಿಯಲು ಅಲುಗಾಡದ ಅಳತೆಪಟ್ಟಿಯೊಂದು ಬೇಕು. ಕೆಲವರು ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ಕೋಶದ ಮೂಲಕ ಹಾಯಿಸುತ್ತಾರೆ, ಕೆಲವರು ಥೋರಿಯಂ–ಆರ್ಗಾನ್ ದೀಪವನ್ನು ಜೊತೆಗೆ ಉರಿಸುತ್ತಾರೆ. ನಮ್ಮ ದೇಶದಲ್ಲೂ ಈ ಕೆಲಸ ನಡೆಯುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ಗುರುಶಿಖರದಲ್ಲಿ ‘ಪರಸ್’ ಎಂಬ ಸ್ಪೆಕ್ಟ್ರೋಗ್ರಾಫ್ ಇಟ್ಟಿದ್ದಾರೆ. 2018ರಲ್ಲಿ ಅದರಿಂದಲೇ ಸುಮಾರು 27 ಭೂಮಿಗಳಷ್ಟು ದ್ರವ್ಯರಾಶಿಯ ಒಂದು ಗ್ರಹವನ್ನು ತೂಗಿದರು.

ದ್ರವ್ಯರಾಶಿ ಎಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ‘ತೂಕ’ ಎಂದು ನಾನು ಬಳಸುವಲ್ಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಏನೇನು ಬೇಕು

ದೂರದರ್ಶಕ ಬೇಡ. ಸ್ಪ್ರೆಡ್‌ಶೀಟ್ ತೆರೆಯುವ ಒಂದು ಕಂಪ್ಯೂಟರ್, ಘನಮೂಲ ತೆಗೆಯುವ ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್ ಇದ್ದರೆ ಆಯಿತು. ಮೊಬೈಲಿನಲ್ಲೂ ಮಾಡಬಹುದು, ಆದರೆ ನೂರಾರು ಚುಕ್ಕೆಗಳ ಚಿತ್ರವನ್ನು ಚಿಕ್ಕ ಪರದೆಯಲ್ಲಿ ನೋಡುತ್ತ ಕೂರುವುದು ಕಣ್ಣಿಗೆ ಶ್ರಮ. ಅಳತೆಗಳನ್ನು ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಿಂದ ಉಚಿತವಾಗಿ ಪಡೆಯಬಹುದು. ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಿ.

ಹಂತ 1: ನಕ್ಷತ್ರವನ್ನು ಆರಿಸಿಕೊಳ್ಳಿ

ಮೊದಲ ಲೆಕ್ಕಕ್ಕೆ 51 ಪೆಗಾಸಿ ಎಂಬ ನಕ್ಷತ್ರವನ್ನೇ ತೆಗೆದುಕೊಳ್ಳಿ. ಸುಮಾರು 50 ಜ್ಯೋತಿರ್ವರ್ಷ ದೂರದಲ್ಲಿರುವ, ಸೂರ್ಯನನ್ನು ಹೋಲುವ ನಕ್ಷತ್ರ ಇದು. 1995ರಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋಜ್ ಇದರ ಸುತ್ತ ಗ್ರಹವೊಂದನ್ನು ಕಂಡರು. ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಗ್ರಹ ಎಂದು ಎಲ್ಲರೂ ಒಪ್ಪಿದ ಮೊದಲ ಶೋಧ ಅದು, 2019ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟಿತು. ನಕ್ಷತ್ರದ ತೊನೆದಾಟ ದೊಡ್ಡದು, ಅವಧಿ ಚಿಕ್ಕದು, ಕಕ್ಷೆ ಹೆಚ್ಚುಕಡಿಮೆ ವೃತ್ತ. ಕಲಿಯುವವರಿಗೆ ಇದಕ್ಕಿಂತ ಸಲೀಸಾದ ನಕ್ಷತ್ರ ಸಿಗುವುದು ಕಷ್ಟ.

ಇದನ್ನು ನೀವು ನೋಡಲೂಬಹುದು. ದಸರಾ ಮುಗಿದ ಮೇಲಿನ ತಿಂಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ತಲೆಯ ಮೇಲೆ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಪಂಚಾಂಗದ ಪೂರ್ವಾಭಾದ್ರ, ಉತ್ತರಾಭಾದ್ರ ಎಂದರೆ ಈ ಚೌಕದ ಎರಡು ಬದಿಗಳು. ಪಶ್ಚಿಮದ ಬದಿಯಾದ ಪೂರ್ವಾಭಾದ್ರದ ಎರಡು ನಕ್ಷತ್ರಗಳ ನಡುವೆ, ಚೌಕದಿಂದ ತುಸು ಹೊರಗೆ ಮಸುಕಾದ ಚುಕ್ಕೆಯೊಂದಿದೆ. ಅದೇ 51 ಪೆಗಾಸಿ. ಊರ ದೀಪಗಳಿಂದ ದೂರ, ಮೇಲುಕೋಟೆಯ ಬೆಟ್ಟದ ಕಡೆ ಹೋದರೆ ಬರಿಗಣ್ಣಿಗೆ ಸಿಕ್ಕೀತು. ಪಟ್ಟಣದೊಳಗಾದರೆ ಬೈನಾಕ್ಯುಲರ್ ಬೇಕು.

ಎಚ್ಚರ: ‘ಭೂಮಿಯಂಥ ಗ್ರಹವನ್ನೇ ತೂಗುತ್ತೇನೆ’ ಎಂದು ಹೊರಡಬೇಡಿ. ನಮ್ಮ ಗುರುಗ್ರಹ ಸೂರ್ಯನನ್ನು ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ತೊನೆಸುತ್ತದೆ. ಭೂಮಿ ತೊನೆಸುವುದು ಬರೀ 9 ಸೆಂಟಿಮೀಟರ್, ಅಂಬೆಗಾಲಿಡುವ ಕೂಸು ಅದಕ್ಕಿಂತ ಬೇಗ ಹೋಗುತ್ತದೆ. ಅದನ್ನು ಹಿಡಿಯಲು ಜಗತ್ತಿನ ಅತ್ಯುತ್ತಮ ಉಪಕರಣಗಳೇ ಇನ್ನೂ ಹೆಣಗುತ್ತಿವೆ.

ಹಂತ 2: ದತ್ತಾಂಶ ಇಳಿಸಿಕೊಂಡು ಕಾಲಂಗಳನ್ನು ಓದಿ

ಕಡತದಲ್ಲಿ ಮುಖ್ಯವಾಗಿ ಮೂರು ಕಾಲಂ ಇರುತ್ತವೆ: ಸಮಯ, ವೇಗ, ವೇಗದ ದೋಷ.

ಸಮಯವನ್ನು ಜೂಲಿಯನ್ ದಿನಗಳಲ್ಲಿ ಕೊಟ್ಟಿರುತ್ತಾರೆ. ತಿಂಗಳು, ವರ್ಷ, ಅಧಿಕ ವರ್ಷಗಳ ಗೋಜಿಲ್ಲದೆ ದಿನಗಳನ್ನು ಒಂದೇ ಸಮ ಎಣಿಸಿಕೊಂಡು ಹೋಗುವ ಲೆಕ್ಕ ಇದು. 24,50,000ನೆಯ ಜೂಲಿಯನ್ ದಿನ ಶುರುವಾದದ್ದು 1995ರ ಅಕ್ಟೋಬರ್ 9ರಂದು. ಈ ದಿನ ಹುಟ್ಟುವುದು ಗ್ರೀನಿಚ್‌ನ ನಡುಮಧ್ಯಾಹ್ನ, ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ. ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದಿರುತ್ತದೆ. ನಮ್ಮತ್ತ ಬರುವುದು ಋಣ, ದೂರ ಹೋಗುವುದು ಧನ. ಮೂರನೆಯ ಕಾಲಂ ಆ ಅಳತೆಯನ್ನು ಎಷ್ಟು ನಂಬಬಹುದು ಎಂದು ಹೇಳುತ್ತದೆ. ಅದನ್ನು ಅಳಿಸಬೇಡಿ, ಮುಂದೆ ಬೇಕು.

ಇಲ್ಲಿ ಎಡವುವವರು ಬಹಳ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಜೊತೆಗೆ ತನ್ನ ಸುತ್ತಲೂ ತಿರುಗುತ್ತಿದೆ. ಆ ತಿರುಗಾಟವೇ ಮಂಡ್ಯದ ನೆಲವನ್ನು ಸೆಕೆಂಡಿಗೆ 450 ಮೀಟರ್‌ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಹೊತ್ತೊಯ್ಯುತ್ತಿದೆ. ನಾವು ಹುಡುಕುತ್ತಿರುವುದು 56 ಮೀಟರ್. ಅಂದರೆ ನಮ್ಮದೇ ಓಟ ಅದರ ಐನೂರು ಪಟ್ಟಿಗೂ ಮಿಗಿಲು. ಈ ಓಟವನ್ನು ಕಳೆದು, ಸೌರಮಂಡಲದ ಗುರುತ್ವ ಕೇಂದ್ರದಲ್ಲಿ ನಿಂತು ನೋಡಿದಂತೆ ತಿದ್ದಿದ ಅಳತೆಗೆ ಬ್ಯಾರಿಸೆಂಟ್ರಿಕ್ ಅಳತೆ ಎನ್ನುತ್ತಾರೆ. ಪ್ರಕಟವಾದ ಕಡತಗಳಲ್ಲಿ ಸಾಮಾನ್ಯವಾಗಿ ಈ ತಿದ್ದುಪಡಿ ಆಗಿರುತ್ತದೆ. ಆದರೂ ಕಡತದ ತಲೆಬರಹವನ್ನು ಓದಿ ಖಚಿತಪಡಿಸಿಕೊಳ್ಳಿ. ತಿದ್ದದ ಕಡತ ಹಾಕಿದರೆ ನಿಮಗೆ ಸೊಗಸಾದ ಒಂದು ವರ್ಷದ ಅವಧಿ ಸಿಗುತ್ತದೆ. ಅದು ಭೂಮಿಯದೇ ಅವಧಿ.

ಇನ್ನೊಂದು ಮಾತು. ಎರಡು ಬೇರೆ ವೀಕ್ಷಣಾಲಯಗಳ ಅಳತೆಗಳನ್ನು ಹಾಗೆಯೇ ಒಂದರ ಕೆಳಗೊಂದು ಸೇರಿಸಬೇಡಿ. ಪ್ರತಿ ಉಪಕರಣದ ಸೊನ್ನೆ ಬೇರೆ ಬೇರೆ ಕಡೆ ಇರುತ್ತದೆ. ಮೊದಲ ಬಾರಿಗೆ ಒಂದೇ ಉಪಕರಣದ ಕಡತ ಸಾಕು.

ಹಂತ 3: ಅವಧಿಯನ್ನು ಹುಡುಕಿ

ಇಡೀ ಕೆಲಸದ ಜೀವಾಳ ಇದು. ಅವಸರ ಬೇಡ.

ಮೊದಲು ಸಮಯವನ್ನು ಅಡ್ಡಕ್ಕೆ, ವೇಗವನ್ನು ಉದ್ದಕ್ಕೆ ಇಟ್ಟು ಚುಕ್ಕೆಗಳ ಚಿತ್ರ ಬರೆಸಿ. ರಾಗಿ ಚೆಲ್ಲಿದಂತೆ ಕಾಣುತ್ತದೆ, ಏನೂ ಅರ್ಥವಾಗುವುದಿಲ್ಲ. ಗಾಬರಿಯಾಗಬೇಡಿ. ನೂರಾರು ಸುತ್ತುಗಳ ಬೇರೆ ಬೇರೆ ಕ್ಷಣಗಳು ಅಲ್ಲಿ ಚದುರಿ ಬಿದ್ದಿವೆ. ಅವನ್ನು ಒಂದೇ ಸುತ್ತಿನ ಮೇಲೆ ಮಡಿಸಬೇಕು.

ಮೈಸೂರು ರೇಷ್ಮೆ ಸೀರೆಯಲ್ಲಿ ಬುಟ್ಟಾಗಳು ಸಮ ಅಂತರದಲ್ಲಿ ಬಂದಿವೆ ಎಂದುಕೊಳ್ಳಿ. ಆ ಅಂತರದ ಅಳತೆಗೆ ಸರಿಯಾಗಿ ಮಡಿಸಿದರೆ ಬುಟ್ಟಾದ ಮೇಲೆ ಬುಟ್ಟಾ ಕೂರುತ್ತದೆ. ಬೆರಳಗಲ ಹೆಚ್ಚುಕಡಿಮೆಯಾದರೂ ಪ್ರತಿ ಮಡಿಕೆಗೆ ಬೆರಳಗಲದಂತೆ ಸರಿಯುತ್ತ ಹೋಗಿ ಹತ್ತನೆಯ ಮಡಿಕೆಗೆ ಎಲ್ಲೋ ಇರುತ್ತದೆ. ನಾವು ಮಾಡುವುದೂ ಇದನ್ನೇ. ಪ್ರತಿ ಸಮಯದಿಂದ ಮೊದಲ ಅಳತೆಯ ಸಮಯವನ್ನು ಕಳೆಯಿರಿ. ಬಂದದ್ದನ್ನು ನೀವು ಊಹಿಸಿದ ಅವಧಿಯಿಂದ ಭಾಗಿಸಿ. ಭಾಗಲಬ್ಧದ ಪೂರ್ಣಾಂಕವನ್ನು ಬಿಟ್ಟು ದಶಮಾಂಶ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಸೊನ್ನೆಯಿಂದ ಒಂದರವರೆಗಿನ ಈ ಸಂಖ್ಯೆಗೆ ಫೇಸ್ ಎನ್ನುತ್ತಾರೆ, ನಕ್ಷತ್ರ ತನ್ನ ಸುತ್ತಿನ ಯಾವ ಜಾಗದಲ್ಲಿದೆ ಎಂಬ ಗುರುತು. ಈಗ ಫೇಸನ್ನು ಅಡ್ಡಕ್ಕೆ ಇಟ್ಟು ಮತ್ತೆ ಚಿತ್ರ ಬರೆಸಿ. ಅವಧಿಯನ್ನು ಒಂದೇ ಕೋಶದಲ್ಲಿ ಬರೆದಿಟ್ಟು ಸೂತ್ರಗಳೆಲ್ಲ ಅದನ್ನೇ ನೋಡುವಂತೆ ಮಾಡಿದರೆ, ಆ ಒಂದು ಅಂಕಿ ಬದಲಿಸಿದಾಗೆಲ್ಲ ಚಿತ್ರ ತಾನಾಗಿ ಬದಲಾಗುತ್ತದೆ.

4.0 ಹಾಕಿ ನೋಡಿ, ಗೊಂದಲ. 4.1, ಗೊಂದಲ. 4.2, ಆಗಲೂ ಗೊಂದಲ. 4.23ರ ಹತ್ತಿರ ಬಂದಾಗ ಚುಕ್ಕೆಗಳು ಗುಂಪುಗೂಡತೊಡಗುತ್ತವೆ. ಮೂರನೆಯ, ನಾಲ್ಕನೆಯ ದಶಮಾಂಶವನ್ನು ಮೆಲ್ಲಗೆ ಬದಲಿಸುತ್ತ ಹೋಗಿ. ಒಂದು ಹಂತದಲ್ಲಿ ರಾಗಿ ಚೆಲ್ಲಿದಂತಿದ್ದದ್ದು ಎದ್ದುನಿಂತು ಒಂದು ಅಲೆಯಾಗುತ್ತದೆ, ಒಂದೇ ಏರು, ಒಂದೇ ಇಳಿತ. ಇದನ್ನು ಮೊದಲ ಸಲ ನೋಡಿದಾಗ ನಾನು ಪರದೆಯ ಮುಂದಿನಿಂದ ಬಹಳ ಹೊತ್ತು ಏಳಲಿಲ್ಲ. ಯಾರೂ ಕಣ್ಣಿಂದ ಕಾಣದ ಒಂದು ಲೋಕ ನಾಲ್ಕು ದಿನಕ್ಕೊಮ್ಮೆ ತನ್ನ ಸೂರ್ಯನನ್ನು ಸುತ್ತಿಬರುತ್ತಿರುವುದು ನಿಮ್ಮ ಮೇಜಿನ ಮೇಲೆಯೇ ಕಾಣುತ್ತದೆ.

ಎಚ್ಚರ ಒಂದು: ದೊಡ್ಡ ಹೆಜ್ಜೆ ಹಾಕಿದರೆ ನಿಜವಾದ ಅವಧಿಯನ್ನು ದಾಟಿಬಿಡುತ್ತೀರಿ. ಅಳತೆಗಳು 1,000 ದಿನಗಳಲ್ಲಿ ಹರಡಿದ್ದರೆ ಅಷ್ಟರಲ್ಲಿ ಗ್ರಹ 236 ಸುತ್ತು ಹಾಕಿರುತ್ತದೆ. ಅವಧಿಯಲ್ಲಿ 0.01 ದಿನ ತಪ್ಪಿದರೂ ಸುತ್ತಿಗಿಷ್ಟರಂತೆ ಸೇರಿ ಕೊನೆಗೆ 2.36 ದಿನ ತಪ್ಪುತ್ತದೆ. ಅದು ಅರ್ಧ ಸುತ್ತಿಗಿಂತ ಹೆಚ್ಚು, ಏರು ಇರಬೇಕಾದಲ್ಲಿ ಇಳಿತ ಬಂದು ಕೂರುತ್ತದೆ. ಇಂಥ ಕಡತಕ್ಕೆ 0.001 ದಿನದ ಹೆಜ್ಜೆ ಸರಿ.

ಎಚ್ಚರ ಎರಡು: ಹುಸಿ ಅವಧಿಗಳು. ಸಂಜೆ ಆರಕ್ಕೆ ಮಾತ್ರ ಬಸ್ ನಿಲ್ದಾಣಕ್ಕೆ ಹೋಗುವವನಿಗೆ ಅಲ್ಲಿ ದಿನವೂ ಒಂದೇ ಊರಿನ ಬಸ್ಸು ಕಂಡರೆ, ದಿನಕ್ಕೊಂದೇ ಬಸ್ಸು ಎಂದುಕೊಳ್ಳುತ್ತಾನೆ. ಗಂಟೆಗೊಂದು ಇದ್ದರೂ ಅವನಿಗೆ ತಿಳಿಯುವುದಿಲ್ಲ. ನಕ್ಷತ್ರವನ್ನೂ ರಾತ್ರಿ ಮಾತ್ರ ನೋಡಲು ಸಾಧ್ಯವಾದ್ದರಿಂದ ಅಳತೆಗಳ ನಡುವೆ ಸುಮಾರು ಒಂದು ದಿನದ ಅಂತರ ಬಂದುಬಿಡುತ್ತದೆ. ಹಾಗಾಗಿ 4.23 ದಿನದ ನಿಜವಾದ ಅವಧಿಯ ಜೊತೆಗೆ 1.31 ದಿನ, 0.81 ದಿನ ಎಂಬ ಹುಸಿಗಳೂ ಸಾಕಷ್ಟು ಚೆನ್ನಾದ ಅಲೆಯನ್ನೇ ತೋರಿಸುತ್ತವೆ. ಇವನ್ನು ಏಲಿಯಾಸ್ ಎನ್ನುತ್ತಾರೆ. ಕಂಡುಹಿಡಿಯುವುದು ಹೀಗೆ: ಒಂದನ್ನು ನಿಮ್ಮ ಅವಧಿಯಿಂದ ಭಾಗಿಸಿ, ಬಂದದ್ದನ್ನು ಒಂದಕ್ಕೆ ಕೂಡಿಸಿ ಒಮ್ಮೆ, ಒಂದರಿಂದ ಕಳೆದು ಒಮ್ಮೆ, ಮತ್ತೆ ಅವುಗಳಿಂದ ಒಂದನ್ನು ಭಾಗಿಸಿ. ಈ ಮೂರೂ ಅವಧಿಗಳಿಗೆ ಮಡಿಸಿ ನೋಡಿ ಯಾವುದರಲ್ಲಿ ಚುಕ್ಕೆಗಳು ಅತ್ಯಂತ ಬಿಗಿಯಾಗಿವೆ ಎಂದು ತೀರ್ಮಾನಿಸಿ. ಇದು ಹೊಸಬರಿಗಷ್ಟೇ ಆಗುವ ತಪ್ಪಲ್ಲ. 55 ಕ್ಯಾಂಕ್ರಿ ಎಂಬ ನಕ್ಷತ್ರದ ಅತಿ ಒಳಗಿನ ಗ್ರಹಕ್ಕೆ 2.8 ದಿನದ ಅವಧಿ ಎಂದು ತಜ್ಞರು ವರ್ಷಗಟ್ಟಲೆ ನಂಬಿದ್ದರು. 2010ರಲ್ಲಿ ಲೆಕ್ಕವನ್ನು ಮತ್ತೆ ಕೆದಕಿದಾಗ ನಿಜವಾದದ್ದು 0.74 ದಿನ ಎಂದು ಗೊತ್ತಾಯಿತು. ಅವಧಿ ಬದಲಾದ ಕೂಡಲೇ ಗ್ರಹದ ದ್ರವ್ಯರಾಶಿಯೂ ಕಕ್ಷೆಯೂ ಬದಲಾದವು.

ಕೈಯಿಂದ ಹುಡುಕಿ ಅಭ್ಯಾಸವಾದ ಮೇಲೆ ಲೋಂಬ್–ಸ್ಕಾರ್ಗಲ್ ಎಂಬ ವಿಧಾನ ಬಳಸಬಹುದು. ಸಾವಿರಾರು ಅವಧಿಗಳನ್ನು ತಾನೇ ಪರೀಕ್ಷಿಸಿ ಯಾವುದು ಚೆನ್ನಾಗಿ ಹೊಂದುತ್ತದೆ ಎಂದು ತೋರಿಸುತ್ತದೆ. ಆದರೆ ಮೊದಲು ಕೈಯಿಂದಲೇ ಮಾಡಿ ಎಂಬುದು ನನ್ನ ಒತ್ತಾಯ. ಏಲಿಯಾಸ್ ಏನೆಂದು ಕೈಗೆ ಹತ್ತಿದವರು ಯಂತ್ರ ಕೊಟ್ಟ ಉತ್ತರವನ್ನು ಸುಮ್ಮನೆ ನುಂಗುವುದಿಲ್ಲ.

ಹಂತ 4: ಏರಿಳಿತದ ಅರ್ಧವನ್ನು ಅಳೆಯಿರಿ

ಮಡಿಸಿದ ಅಲೆಯ ತುದಿ ಎಷ್ಟು, ತಳ ಎಷ್ಟು ಎಂದು ನೋಡಿ. ಎರಡರ ವ್ಯತ್ಯಾಸದ ಅರ್ಧ ಬೇಕು. ಪೂರ್ತಿ ವ್ಯತ್ಯಾಸ ಹಾಕಿದರೆ ಗ್ರಹ ಎರಡು ಪಟ್ಟು ಭಾರವಾಗಿಬಿಡುತ್ತದೆ, ಈ ತಪ್ಪು ಎಲ್ಲಕ್ಕಿಂತ ಸಾಮಾನ್ಯ.

ಅಲೆಯ ನಡುಗೆರೆ ಸೊನ್ನೆಯಲ್ಲಿ ಇರಲೇಬೇಕೆಂದಿಲ್ಲ. 51 ಪೆಗಾಸಿ ತನ್ನ ಗ್ರಹದ ಸಮೇತ ಸೆಕೆಂಡಿಗೆ 33 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ, ಕಳೆದುಬಿಡಿ. ಹೆಚ್ಚು ಕರಾರುವಾಕ್ಕಾಗಿ ಬೇಕಾದವರು ಸ್ಪ್ರೆಡ್‌ಶೀಟಿನ ಸಾಲ್ವರ್ ಬಳಸಿ ಸೈನ್ ಅಲೆಯೊಂದನ್ನು ಹೊಂದಿಸಬಹುದು. ಪ್ರತಿ ಚುಕ್ಕೆಗೂ ಅಲೆಗೂ ಇರುವ ಅಂತರವನ್ನು ಮೂರನೆಯ ಕಾಲಂನ ದೋಷದಿಂದ ಭಾಗಿಸಿ, ವರ್ಗ ಮಾಡಿ, ಎಲ್ಲವನ್ನೂ ಕೂಡಿ. ಆ ಮೊತ್ತ ಕನಿಷ್ಠವಾಗುವಂತೆ ಸಾಲ್ವರ್‌ಗೆ ಹೇಳಿ. ನಿಮಗೆ ಸೆಕೆಂಡಿಗೆ 56 ಮೀಟರ್‌ನ ಆಸುಪಾಸು ಬರಬೇಕು.

ಹಂತ 5: ಕಕ್ಷೆಯ ಗಾತ್ರ

ಇದು ಸುಲಭ, ಕೆಪ್ಲರನ ಮೂರನೆಯ ನಿಯಮ ಕೈಯಲ್ಲಿದೆ. ಅವಧಿಯನ್ನು ವರ್ಷಗಳಲ್ಲಿ ಬರೆದು ವರ್ಗ ಮಾಡಿ, ನಕ್ಷತ್ರದ ದ್ರವ್ಯರಾಶಿಯಿಂದ (ಸೂರ್ಯ ಎಂದರೆ 1) ಗುಣಿಸಿ, ಘನಮೂಲ ತೆಗೆಯಿರಿ. ಉತ್ತರ ಖಗೋಳಮಾನದಲ್ಲಿ ಬರುತ್ತದೆ. ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರವೇ ಒಂದು ಖಗೋಳಮಾನ, ಸುಮಾರು 15 ಕೋಟಿ ಕಿಲೋಮೀಟರ್.

4.23 ದಿನ ಎಂದರೆ 0.01158 ವರ್ಷ. ಅದರ ವರ್ಗ 0.000134. ನಕ್ಷತ್ರದ ದ್ರವ್ಯರಾಶಿ 1.1. ಗುಣಿಸಿದರೆ 0.0001475, ಘನಮೂಲ 0.053. ಹೆಚ್ಚುಕಡಿಮೆ 80 ಲಕ್ಷ ಕಿಲೋಮೀಟರ್. ನಮ್ಮ ಬುಧಗ್ರಹ ಸೂರ್ಯನಿಂದ ಸರಾಸರಿ 5.8 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಗುರುವಿನ ಅರ್ಧದಷ್ಟು ಭಾರದ ಗ್ರಹವೊಂದು ಬುಧನಿಗಿಂತಲೂ ಏಳು ಪಟ್ಟು ಹತ್ತಿರ ಸುತ್ತುತ್ತಿದೆ ಎಂದಾಗ 1995ರಲ್ಲಿ ಅನೇಕರು ನಂಬಲಿಲ್ಲ. ಕೆಲವೇ ದಿನಗಳಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಬೇರೊಂದು ತಂಡ ಅಳೆದು ಅದೇ ಅಲೆಯನ್ನು ಕಂಡಿತು.

ಹಂತ 6: ದ್ರವ್ಯರಾಶಿಯ ಲೆಕ್ಕ

ಗುರುವಿನಷ್ಟೇ ಭಾರದ ಗ್ರಹವೊಂದು ಸೂರ್ಯನಷ್ಟೇ ಭಾರದ ನಕ್ಷತ್ರವನ್ನು ವರ್ಷಕ್ಕೊಮ್ಮೆ ವೃತ್ತದಲ್ಲಿ ಸುತ್ತಿದರೆ ನಕ್ಷತ್ರದ ವೇಗ ಸೆಕೆಂಡಿಗೆ 28.4 ಮೀಟರ್ ಆಗುತ್ತದೆ. ಇದು ನಮ್ಮ ತೂಕದ ಬಟ್ಟು. ಇದರಿಂದ ಲೆಕ್ಕ ಹೀಗೆ:

ಗ್ರಹದ ದ್ರವ್ಯರಾಶಿ = (ಅಳೆದ ವೇಗ ÷ 28.4) × (ಅವಧಿಯ ಘನಮೂಲ) × (ನಕ್ಷತ್ರದ ದ್ರವ್ಯರಾಶಿಯ ವರ್ಗದ ಘನಮೂಲ)

ಅವಧಿ ವರ್ಷಗಳಲ್ಲಿ, ನಕ್ಷತ್ರ ಸೂರ್ಯನ ಲೆಕ್ಕದಲ್ಲಿ, ಉತ್ತರ ಗುರುವಿನ ಲೆಕ್ಕದಲ್ಲಿ.

ಹೊಸ ತಕ್ಕಡಿಯನ್ನು ಗೊತ್ತಿರುವ ತೂಕವಿಟ್ಟು ಪರೀಕ್ಷಿಸುವಂತೆ ಮೊದಲು ನಮ್ಮ ಗುರುವನ್ನೇ ಇಟ್ಟು ನೋಡಿ. ವೇಗ 12.5, ಅವಧಿ 11.86 ವರ್ಷ, ನಕ್ಷತ್ರ 1. ಭಾಗಿಸಿದರೆ 0.44, ಅವಧಿಯ ಘನಮೂಲ 2.28, ಗುಣಿಸಿದರೆ 1. ಸೂತ್ರವನ್ನು ನೀವು ಸರಿಯಾಗಿ ಬರೆದುಕೊಂಡಿದ್ದೀರಿ. ಈಗ 51 ಪೆಗಾಸಿ: 56 ÷ 28.4 ಎಂದರೆ 1.97. 0.01158ರ ಘನಮೂಲ 0.226. 1.1ರ ವರ್ಗದ ಘನಮೂಲ 1.066. ಮೂರನ್ನೂ ಗುಣಿಸಿದರೆ 0.47. ಗುರುವಿನ ಅರ್ಧಕ್ಕಿಂತ ತುಸು ಕಡಿಮೆ.

ಖಾಲಿ ಲಾರಿಯ ಮಾತು ಇಲ್ಲಿ ಬರುತ್ತದೆ. ನಕ್ಷತ್ರದ ದ್ರವ್ಯರಾಶಿ ನಿಮ್ಮ ಅಳತೆಯಿಂದ ಬಂದದ್ದಲ್ಲ. ಅದರ ಬಣ್ಣ, ಹೊಳಪು, ರೋಹಿತ (ಕಾಮನಬಿಲ್ಲಿನಂತೆ ಹರಡಿದ ಬೆಳಕು) ನೋಡಿ ನಕ್ಷತ್ರಗಳ ಒಳರಚನೆಯ ಮಾದರಿಗಳಿಂದ ಬೇರೆಯವರು ಹೇಳಿದ್ದು. ಅದು ನೂರಕ್ಕೆ 5 ತಪ್ಪಿದ್ದರೆ ಗ್ರಹದ ಉತ್ತರ ನೂರಕ್ಕೆ ಸುಮಾರು 3.3 ತಪ್ಪುತ್ತದೆ. ಯಾವ ಮೌಲ್ಯ ಬಳಸಿದಿರಿ ಎಂದು ನೋಟ್‌ಬುಕ್‌ನಲ್ಲಿ ಉತ್ತರದ ಪಕ್ಕದಲ್ಲೇ ಬರೆದಿಡಿ. ಇಬ್ಬರ ಉತ್ತರ ಹೊಂದದೆ ನನ್ನ ಬಳಿ ಬಂದಾಗ ಹೆಚ್ಚಿನ ಸಲ ವ್ಯತ್ಯಾಸ ಇಲ್ಲೇ ಇರುತ್ತದೆ.

ಹಂತ 7: ‘ಕನಿಷ್ಠ’ ಎಂಬ ಪದವನ್ನು ಸೇರಿಸಿ

ನೀವು ಪಡೆದ 0.47 ಗ್ರಹದ ನಿಜವಾದ ದ್ರವ್ಯರಾಶಿ ಆಗಿರಬೇಕಿಲ್ಲ. ಅದಕ್ಕಿಂತ ಕಡಿಮೆ ಇರಲಾರದು ಎಂಬ ಗೆರೆ ಅಷ್ಟೇ.

ಮೈಸೂರಿನ ದಸರಾ ವಸ್ತುಪ್ರದರ್ಶನದ ಜೈಂಟ್ ವ್ಹೀಲ್ ನೆನಪಿಸಿಕೊಳ್ಳಿ. ಅದರ ಪಕ್ಕದಲ್ಲಿ, ಚಕ್ರ ಬರೀ ಕಂಬದಂತೆ ಕಾಣುವ ಕಡೆ ನಿಂತರೆ ತೊಟ್ಟಿಲುಗಳು ನಿಮ್ಮತ್ತ ಬರುತ್ತವೆ, ದೂರ ಹೋಗುತ್ತವೆ. ಎದುರಿಗೆ, ಇಡೀ ಚಕ್ರ ದುಂಡಗೆ ಕಾಣುವ ಕಡೆ ನಿಂತರೆ ಅದೇ ತೊಟ್ಟಿಲುಗಳು ಅಷ್ಟೇ ವೇಗದಲ್ಲಿ ತಿರುಗುತ್ತಿದ್ದರೂ ಒಂದೂ ನಿಮ್ಮತ್ತ ಬರುವುದಿಲ್ಲ. ಡಾಪ್ಲರ್ ಹಿಡಿಯುವುದು ನಮ್ಮತ್ತ ಬರುವ ಪಾಲನ್ನು ಮಾತ್ರ. ಕಕ್ಷೆ ನಮಗೆ ಎಷ್ಟು ಓರೆಯಾಗಿದೆ ಎಂಬ ಕೋನ ತಿಳಿಯದಿದ್ದರೆ ಪೂರ್ತಿ ವೇಗ ತಿಳಿಯದು. ಪಕ್ಕದಿಂದ ಕಂಡರೆ ಕೋನ 90 ಡಿಗ್ರಿ, ಎದುರಿನಿಂದ ಕಂಡರೆ ಸೊನ್ನೆ. ಹಂತ 6ರ ಉತ್ತರವನ್ನು ಈ ಕೋನದ ಸೈನ್ ಬೆಲೆಯಿಂದ ಭಾಗಿಸಿದರೆ ನಿಜವಾದ ದ್ರವ್ಯರಾಶಿ.

ಕಕ್ಷೆಗಳು ಹೇಗೆಂದರೆ ಹಾಗೆ ತಿರುಗಿವೆ ಎಂದುಕೊಂಡರೆ, ಕೋನ 60 ಡಿಗ್ರಿಗಿಂತ ಹೆಚ್ಚಿರುವ ಸಾಧ್ಯತೆ ನೂರಕ್ಕೆ 50. ಅಂಥಲ್ಲಿ ನಿಜವಾದ ದ್ರವ್ಯರಾಶಿ ಕನಿಷ್ಠಕ್ಕಿಂತ ಹೆಚ್ಚೆಂದರೆ ನೂರಕ್ಕೆ 15ರಷ್ಟು ಜಾಸ್ತಿ. 30 ಡಿಗ್ರಿಗಿಂತ ಹೆಚ್ಚಿರುವ ಸಾಧ್ಯತೆ ನೂರಕ್ಕೆ 87, ಅಂಥಲ್ಲಿ ಎರಡು ಪಟ್ಟು ಮೀರದು. ಹಾಗಾಗಿ ಕನಿಷ್ಠ ದ್ರವ್ಯರಾಶಿ ಸಾಮಾನ್ಯವಾಗಿ ಒಳ್ಳೆಯ ಅಂದಾಜೇ. ಆದರೆ ಉಳಿದ 13ರಲ್ಲಿ ಏನು ಬೇಕಾದರೂ ಅಡಗಿರಬಹುದು. ಎಚ್‌ಡಿ 114762 ಎಂಬ ನಕ್ಷತ್ರದ ಸುತ್ತ 84 ದಿನಕ್ಕೊಮ್ಮೆ ಸುತ್ತುವ, ಕನಿಷ್ಠ 11 ಗುರುಗಳಷ್ಟು ದ್ರವ್ಯರಾಶಿಯ ಕಾಯವೊಂದನ್ನು 1989ರಲ್ಲೇ ಕಂಡಿದ್ದರು. ಅದೇ ಮೊದಲ ಹೊರಗ್ರಹ (ಸೌರಮಂಡಲದ ಆಚೆಯ ಗ್ರಹ) ಇರಬಹುದೇ ಎಂಬ ಚರ್ಚೆ ಮೂವತ್ತು ವರ್ಷ ನಡೆಯಿತು. ಕೊನೆಗೆ ನಕ್ಷತ್ರಗಳ ಸ್ಥಾನವನ್ನು ಕರಾರುವಾಕ್ಕಾಗಿ ಅಳೆಯುವ ಗಾಯಾ ಉಪಗ್ರಹದ ಅಳತೆಗಳು ಬಂದಾಗ ಆ ಕಕ್ಷೆಯನ್ನು ನಾವು ಹೆಚ್ಚುಕಡಿಮೆ ಎದುರಿನಿಂದ ನೋಡುತ್ತಿದ್ದೇವೆ ಎಂದು ತಿಳಿಯಿತು. ಅದು ಗ್ರಹವೇ ಅಲ್ಲ, ಸೂರ್ಯನ ಐದರಲ್ಲೊಂದು ಪಾಲಿನಷ್ಟು ದ್ರವ್ಯರಾಶಿಯ ಪುಟ್ಟ ನಕ್ಷತ್ರ. ಸುದ್ದಿಗಳಲ್ಲಿ ‘ಕನಿಷ್ಠ’ ಎಂಬ ಪದ ಬಿದ್ದುಹೋದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ಬೀಳದಿರಲಿ.

ಕೋನ ಗೊತ್ತಾಗುವ ಒಂದು ದಾರಿ ಸಂಕ್ರಮಣ. 2004 ಮತ್ತು 2012ರಲ್ಲಿ ಶುಕ್ರ ಸೂರ್ಯನ ಮುಖದ ಮೇಲೆ ಕಪ್ಪು ಬೊಟ್ಟಿನಂತೆ ಹಾದುಹೋದದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ದೂರದ ಗ್ರಹವೂ ಹಾಗೆ ತನ್ನ ನಕ್ಷತ್ರದ ಮುಂದೆ ಹಾದರೆ ಬೆಳಕು ತುಸು ಮಂಕಾಗುತ್ತದೆ. ಹಾದಿತೆಂದರೆ ಕಕ್ಷೆಯನ್ನು ಪಕ್ಕದಿಂದಲೇ ನೋಡುತ್ತಿದ್ದೇವೆ ಎಂದಾಯಿತು. ಎಚ್‌ಡಿ 209458ರ ಗ್ರಹ ಹೀಗೆ ಹಾದುಹೋಗುವುದು 1999ರಲ್ಲಿ ಕಂಡಿತು, ಅಂಥ ಮೊದಲ ಹೊರಗ್ರಹ ಅದು. ಮೂರು ಗಂಟೆ ಹೊತ್ತು ನಕ್ಷತ್ರ ನೂರಕ್ಕೆ ಒಂದೂವರೆಯಷ್ಟು ಮಂಕಾಗುತ್ತದೆ. ಮಂಕಾದ ಪ್ರಮಾಣದಿಂದ ಗ್ರಹದ ಅಗಲ ಸಿಗುತ್ತದೆ, ಅಗಲವೂ ದ್ರವ್ಯರಾಶಿಯೂ ಸಿಕ್ಕರೆ ಸಾಂದ್ರತೆ ಸಿಗುತ್ತದೆ. ಈ ಗ್ರಹದ ಸಾಂದ್ರತೆ ನೀರಿನ ಅರ್ಧಕ್ಕಿಂತಲೂ ಕಡಿಮೆ. 51 ಪೆಗಾಸಿಯ ಗ್ರಹ ನಮ್ಮ ಕಣ್ಣಿಗೆ ನಕ್ಷತ್ರದ ಮುಂದೆ ಹಾಯುವುದಿಲ್ಲ. ಅಷ್ಟು ಹತ್ತಿರದ ಕಕ್ಷೆಗೂ ಹಾಯುವ ಸಾಧ್ಯತೆ ಹತ್ತರಲ್ಲಿ ಒಂದೇ.

ಒಂದೇ ನಕ್ಷತ್ರಕ್ಕೆ ಹಲವು ಗ್ರಹಗಳಿದ್ದು ಎಲ್ಲವೂ ಹಾಯುತ್ತಿದ್ದರೆ ಬೇರೊಂದು ದಾರಿ ಇದೆ. ಅವು ಒಂದನ್ನೊಂದು ಎಳೆಯುವುದರಿಂದ ಸಂಕ್ರಮಣಗಳು ಕೆಲವು ನಿಮಿಷ ಹಿಂದುಮುಂದಾಗುತ್ತವೆ, ಆ ವ್ಯತ್ಯಾಸದಿಂದ ದ್ರವ್ಯರಾಶಿ ತೆಗೆಯಬಹುದು. ಟ್ರಾಪಿಸ್ಟ್-1ರ ಏಳು ಗ್ರಹಗಳನ್ನು ಹೀಗೆ ತೂಗಿದ್ದಾರೆ. ಅದರ ಲೆಕ್ಕ ಸ್ಪ್ರೆಡ್‌ಶೀಟಿಗೆ ಮೀರಿದ್ದು.

ಹಂತ 8: ಕಕ್ಷೆ ದುಂಡಗಿದೆಯೇ, ಉದ್ದಗಿದೆಯೇ

ಅಲೆಯ ಆಕಾರವನ್ನು ನೋಡಿ. ಏರುವುದಕ್ಕೂ ಇಳಿಯುವುದಕ್ಕೂ ಸಮ ಹೊತ್ತು ಹಿಡಿದರೆ, ತುದಿಯೂ ತಳವೂ ಒಂದೇ ತೆರನಾಗಿದ್ದರೆ ಕಕ್ಷೆ ವೃತ್ತ. ಮೆಲ್ಲಗೆ ಏರಿ ದಿಢೀರನೆ ಬಿದ್ದರೆ, ಅಥವಾ ತುದಿ ಚೂಪಾಗಿ ತಳ ಚಪ್ಪಟೆಯಾಗಿದ್ದರೆ ಕಕ್ಷೆ ಉದ್ದುದ್ದ. ಎಷ್ಟು ಉದ್ದ ಎಂಬುದರ ಅಳತೆಗೆ ಉತ್ಕೇಂದ್ರತೆ ಎನ್ನುತ್ತಾರೆ, ವೃತ್ತಕ್ಕೆ ಸೊನ್ನೆ. ಎಚ್‌ಡಿ 80606ರ ಗ್ರಹಕ್ಕೆ ಅದು 0.93. 111 ದಿನಗಳ ಸುತ್ತಿನಲ್ಲಿ ಬಹುಕಾಲ ದೂರದಲ್ಲಿ ನಿಧಾನವಾಗಿದ್ದು, ನಕ್ಷತ್ರದ ಬಳಿ ಬಂದಾಗ ಸುಳಿದು ಹೋಗುತ್ತದೆ. ಇಂಥ ಗ್ರಹಗಳಿಗೆ ಹಂತ 6ರ ಉತ್ತರವನ್ನು, ಒಂದರಿಂದ ಉತ್ಕೇಂದ್ರತೆಯ ವರ್ಗವನ್ನು ಕಳೆದು ಬಂದದ್ದರ ವರ್ಗಮೂಲದಿಂದ ಗುಣಿಸಬೇಕು. 0.3 ಉತ್ಕೇಂದ್ರತೆಗೆ ಆಗುವ ವ್ಯತ್ಯಾಸ ನೂರಕ್ಕೆ 5ರ ಒಳಗೆ, 0.93ಕ್ಕೆ ಉತ್ತರ ಮೂರನೆಯ ಒಂದರ ಹತ್ತಿರಕ್ಕೆ ಇಳಿಯುತ್ತದೆ.

ಎಚ್ಚರ: ಉತ್ಕೇಂದ್ರತೆ ಸೊನ್ನೆಗಿಂತ ಕೆಳಗೆ ಹೋಗಲಾರದು. ಆದ್ದರಿಂದ ಅಳತೆಯ ದೋಷಗಳೆಲ್ಲ ಅದನ್ನು ಮೇಲಕ್ಕೇ ತಳ್ಳುತ್ತವೆ. ನಿಮಗೆ 0.04 ಬಂದು ಅದರ ದೋಷವೂ 0.03 ಇದ್ದರೆ ಸೊನ್ನೆ ಎಂದೇ ಬರೆಯಿರಿ. ದೋಷದ ಎರಡೂವರೆ ಪಟ್ಟು ದಾಟುವವರೆಗೂ ನಂಬಬೇಡಿ.

ಹಂತ 9: ಅದು ಗ್ರಹವೇ ಎಂದು ಮತ್ತೊಮ್ಮೆ ಕೇಳಿ

ನಕ್ಷತ್ರದ ಮೈಮೇಲೆ ಸೂರ್ಯನಲ್ಲಿರುವಂತೆ ಕಲೆಗಳಿರುತ್ತವೆ. ನಕ್ಷತ್ರ ತಿರುಗಿದಂತೆ ಕಲೆಯೂ ತಿರುಗಿ ಗೆರೆಗಳ ಆಕಾರವನ್ನು ಕೆಡಿಸುತ್ತದೆ, ನಕ್ಷತ್ರವೇ ತೊನೆದಂತೆ ಕಾಣುತ್ತದೆ. ಆದ್ದರಿಂದ ನಿಮ್ಮ ಅವಧಿ ನಕ್ಷತ್ರದ ತಿರುಗುವ ಅವಧಿಗೋ ಅದರ ಅರ್ಧಕ್ಕೋ ಹತ್ತಿರವಿದ್ದರೆ ಅನುಮಾನಿಸಿ. ಕಡತವನ್ನು ಕಾಲಾನುಕ್ರಮದಲ್ಲಿ ಎರಡು ಭಾಗ ಮಾಡಿ ಎರಡನ್ನೂ ಬೇರೆ ಬೇರೆ ಮಡಿಸಿ. ಗ್ರಹವಾದರೆ ಎರಡರಲ್ಲೂ ಅದೇ ಅಲೆ, ಅದೇ ಎತ್ತರ. ಕಲೆಗಳಾದರೆ ಹುಟ್ಟಿ ಅಳಿಯುವುದರಿಂದ ಅಲೆ ಬದಲಾಗಿರುತ್ತದೆ. 2012ರಲ್ಲಿ ನಮ್ಮ ನೆರೆಯ ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ 3.24 ದಿನದ ಗ್ರಹವಿದೆ ಎಂದು ಪ್ರಕಟವಾಗಿತ್ತು, ನಕ್ಷತ್ರ ತೊನೆಯುವ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕೆಲವು ವರ್ಷಗಳ ನಂತರ ಅದೇ ಅಳತೆಗಳನ್ನು ಪರಿಶೀಲಿಸಿದವರು, ಅಳತೆ ಮಾಡಿದ ರಾತ್ರಿಗಳ ಜೋಡಣೆಯಿಂದಲೇ ಆ ಅಲೆ ಮೂಡಿತ್ತು ಎಂದು ತೋರಿಸಿದರು. ಇಲ್ಲದ ಗ್ರಹಕ್ಕೂ ಅವಧಿ, ದ್ರವ್ಯರಾಶಿ ಎರಡೂ ಸಿಕ್ಕಿದ್ದವು.

ಮಾಡಿ ನೋಡಲು ಒಂದು ಲೆಕ್ಕ

ಎಚ್‌ಡಿ 209458ರ ಗ್ರಹವನ್ನು ನೀವೇ ತೂಗಿ. ವೇಗ ಸೆಕೆಂಡಿಗೆ 85 ಮೀಟರ್, ಅವಧಿ 3.525 ದಿನ, ನಕ್ಷತ್ರದ ದ್ರವ್ಯರಾಶಿ 1.12, ಕಕ್ಷೆ ವೃತ್ತ, ಕೋನ 86.7 ಡಿಗ್ರಿ. ಉತ್ತರ 0.69 ಗುರುಗಳ ಹತ್ತಿರ ಬರಬೇಕು. 4.9 ಬಂದರೆ ಅವಧಿಯನ್ನು ದಿನಗಳಲ್ಲೇ ಹಾಕಿದ್ದೀರಿ. 0.64 ಬಂದರೆ ನಕ್ಷತ್ರದ ದ್ರವ್ಯರಾಶಿಯನ್ನು ಬಿಟ್ಟಿದ್ದೀರಿ. ಚುಕ್ಕೆಗಳ ಚಿತ್ರದಿಂದ ನೀವೇ ವೇಗ ತೆಗೆದು 1.4ರ ಸುತ್ತಮುತ್ತ ಬಂದಿದ್ದರೆ ಹಂತ 4ಕ್ಕೆ ಹಿಂದಿರುಗಿ, ಏರಿಳಿತವನ್ನು ಅರ್ಧ ಮಾಡಲು ಮರೆತಿದ್ದೀರಿ. ಈ ಸಲ ಮಾತ್ರ, ಕೋನ ಗೊತ್ತಿರುವುದರಿಂದ, ಉತ್ತರದ ಮುಂದೆ ‘ಕನಿಷ್ಠ’ ಎಂದು ಬರೆಯಬೇಕಾಗಿಲ್ಲ.